ಡಬ್ಬಿಯೊಳಗಿನ ಪಾಲು

ನಮ್ಮ ಅತ್ತೆ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಹತ್ತುತ್ತಿದ್ದರು.

ಅವರಿಗಿಂತ ಒಂದು ಮಹಡಿ ಕೆಳಗೆ ನಾನು ಕಂಬಿ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದೆ. ಮಂಡಿನೋವು ಇರುವುದು ಅವರಿಗೆ. ಅದಕ್ಕೆ ಇಡೀ ಮನೆಯೇ ಸಾಕ್ಷಿ. ಕುರ್ಚಿಯಿಂದ ಏಳಲು ನನ್ನ ಗಂಡನ ಭುಜ, ಬಚ್ಚಲಿಗೆ ಹೋಗಲು ಗೋಡೆ, ಮಂಚ ಹತ್ತಲು ಒಂದು ಮಣೆ, ಇಷ್ಟೆಲ್ಲ ಬೇಕಾಗಿದ್ದ ಹೆಂಗಸು ಲಿಫ್ಟಿನ ಕಡೆ ತಿರುಗಿಯೂ ನೋಡದೆ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದರು, ಅದೂ ಏನೋ ಗುನುಗಿಕೊಂಡು.

ಮನೆಯಲ್ಲಿ ಹೇಳಿ ಹೊರಟಿದ್ದು ಹೆಣಿಗೆ ಕ್ಲಾಸಿಗೆ ಅಂತ. ತಿಂಗಳುಗಟ್ಟಲೆಯಿಂದ ಹೆಣಿಗೆ ಕ್ಲಾಸು ನಡೆಯುತ್ತಿದೆ, ಮನೆಗೆ ಒಂದು ಕಾಲುಚೀಲವೂ ಬಂದಿಲ್ಲ. ಇದನ್ನು ನಾನು ಎಂದೋ ಗಮನಿಸಬೇಕಿತ್ತು. ಅಚ್ಚಿಗೆ ಹೋಗುವ ಪುಸ್ತಕಗಳ ಕರಡು ತಿದ್ದುವುದು ನನ್ನ ಕಸುಬು. ಎಲ್ಲಿ ಏನು ಇಲ್ಲವೋ ಅದನ್ನು ಕಾಣುವುದಕ್ಕೇ ನನಗೆ ಸಂಬಳ ಕೊಡುತ್ತಾರೆ.

ಮಂಡಿನೋವಿಗೆ ಹೊಸ ಔಷಧಿಯೊಂದನ್ನು ಈ ಆಸ್ಪತ್ರೆಯಲ್ಲಿ ಜನರ ಮೇಲೆ ಪರೀಕ್ಷಿಸುತ್ತಿದ್ದಾರೆ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಇನ್ನರ್ಧ ಜನಕ್ಕೆ ನೋಡಲು ಅದರಂತೆಯೇ ಇರುವ ಬರೀ ಹಿಟ್ಟಿನ ಸಪ್ಪೆ ಮಾತ್ರೆ. ಯಾರಿಗೆ ಯಾವುದು ಎಂದು ನುಂಗುವವರಿಗೂ ಗೊತ್ತಿಲ್ಲ, ಕೊಡುವ ಡಾಕ್ಟರಿಗೂ ಗೊತ್ತಿಲ್ಲ. ಸೀಸೆ ತುಂಬಿಸಿ ಸಂಖ್ಯೆ ಬರೆಯುವ ಒಬ್ಬಳಿಗೆ ಮಾತ್ರ ಗೊತ್ತು. ನಿನ್ನೆ ಸಪ್ಪೆ ಮಾತ್ರೆಯವರ ರಕ್ತದಲ್ಲೂ ಔಷಧಿ ಸಿಕ್ಕಿತು. ಅವರಲ್ಲಿ ಒಬ್ಬರು ನಮ್ಮ ಅತ್ತೆ ಎಂದು ಪಟ್ಟಿ ನೋಡಿದಾಗಲೇ ನನಗೆ ತಿಳಿದದ್ದು. ಸೀಸೆ ತುಂಬಿಸುವವಳು ನನ್ನ ನಾದಿನಿ, ಅಂದರೆ ಅತ್ತೆಯ ಸ್ವಂತ ಮಗಳು.

ಮಧ್ಯಾಹ್ನ ಆಸ್ಪತ್ರೆಯ ನೀತಿ ಸಮಿತಿ ಸೇರುವುದಿತ್ತು. ಗುಟ್ಟು ಒಡೆದವಳು ನಾದಿನಿಯೇ ಎಂದು ತೀರ್ಮಾನವಾದರೆ ಕೆಲಸ ಹೋಗುತ್ತದೆ. ಅಷ್ಟೇ ಅಲ್ಲ, ಇನ್ನು ಮುಂದೆ ಎಲ್ಲಿಯೂ ಔಷಧಿಯ ಸೀಸೆ ಮುಟ್ಟಲು ಬಿಡುವುದಿಲ್ಲ. ಆ ಕೆಲಸ ಬಿಟ್ಟರೆ ಅವಳಿಗೆ ಬೇರೇನೂ ಬರದು. ಅವಳು ಮಾಡುವ ಅಡುಗೆ ತಿಂದ ಯಾರನ್ನು ಬೇಕಾದರೂ ಕೇಳಿ.

ವಿಜ್ಞಾನ ಓದದ ಒಬ್ಬರು ಇರಲೇಬೇಕೆಂಬ ನಿಯಮಕ್ಕಾಗಿ ಆ ಸಮಿತಿಯಲ್ಲಿ ನನ್ನನ್ನು ಹಾಕಿಕೊಂಡಿದ್ದರು. ನಾನು ಬಿಸ್ಕತ್ತು ತಿಂದು ಸಹಿ ಮಾಡಿ ಹೋಗುತ್ತೇನೆ ಎಂದು ಅವರ ಲೆಕ್ಕ. ಸಂಬಂಧಿಕಳ ವಿಷಯ, ನಾನು ಹಿಂದೆ ಸರಿಯುತ್ತೇನೆ ಎಂದಾಗ ಅಧ್ಯಕ್ಷರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ವೋಟು ಹಾಕಬೇಡಿ. ಹುಡುಕಿ ಮಾತ್ರ ಕೊಡಿ. ನಿಮ್ಮಷ್ಟು ಅನುಮಾನದ ಪ್ರಾಣಿ ಈ ಕಟ್ಟಡದಲ್ಲಿ ಇನ್ನೊಂದಿಲ್ಲ."

ಅದನ್ನು ಹೊಗಳಿಕೆ ಎಂದೇ ತಿಳಿದುಕೊಂಡೆ.

ಮೆಟ್ಟಿಲ ತಿರುವಿನ ಕಿಟಕಿಯ ಬಳಿ ಉಸಿರು ತೆಗೆದುಕೊಳ್ಳಲು ನಿಂತೆ. ಕೆಳಗೆ, ಪ್ರಾಣಿಗಳ ವಿಭಾಗವಿರುವ ಹಿಂದಿನ ಕಟ್ಟಡದ ಅಂಗಳ ಕಾಣುತ್ತಿತ್ತು. ದಿನಾ ಈ ಹೊತ್ತಿಗೆ ಅಲ್ಲಿ ಮುದಿ ನಾಯಿಗಳನ್ನು ಅಡ್ಡಾಡಿಸುತ್ತಾರೆ. ಇವತ್ತು ಅಂಗಳ ಖಾಲಿಯಿತ್ತು. ಹಗ್ಗದ ಮೇಲೆ ಒಗೆದ ಸಣ್ಣ ಸಣ್ಣ ಹಾಸಿಗೆಗಳನ್ನು ಒಣಹಾಕಿದ್ದರು. ಒಳ್ಳೆಯ ಬಿಸಿಲು, ಒಣಗಲಿ ಎಂದುಕೊಂಡು ಮೇಲೆ ಹತ್ತಿದೆ.

ರೋಗಿಗಳು ಕಾಯುವ ಕೋಣೆಯ ಬಾಗಿಲಿನಲ್ಲಿ ಒಂದು ಗುಂಡು ಗಾಜು. ಕಣ್ಣಿಟ್ಟು ನೋಡಿದೆ.

ಗೋಡೆಗೆ ಒರಗಿಸಿದ್ದ ಕುರ್ಚಿಗಳನ್ನೆಲ್ಲ ಎಳೆದು ದುಂಡಗೆ ಜೋಡಿಸಿಕೊಂಡಿದ್ದರು. ನಡುವೆ ಒಂದು ಸ್ಟೂಲು, ಅದರ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬಿ. ಮುಚ್ಚಳದ ಮೇಲೆ ಗುಲಾಬಿ ರಿಬ್ಬನ್ ಕಟ್ಟಿದ ಬೆಕ್ಕಿನ ಮರಿ. ಆ ಡಬ್ಬಿ ನನಗೆ ಗೊತ್ತು. ನಮ್ಮ ಅಡುಗೆಮನೆಯಿಂದ ಅದು ಮಾಯವಾದಾಗ ಕೆಲಸದವಳನ್ನು ಅನುಮಾನಿಸಿ, ಆಮೇಲೆ ಮನಸ್ಸಿಗೆ ಕಸಿವಿಸಿಯಾಗಿ ಅವಳಿಗೆ ಒಂದು ಹೊಸ ಛತ್ರಿ ಕೊಡಿಸಿದ್ದೆ.

ಬಸ್ಸು ಓಡಿಸಿ ನಿವೃತ್ತರಾದ, ಎಲ್ಲರೂ ಡ್ರೈವರ್ ಮಾಮ ಎನ್ನುವ ದಪ್ಪ ಮೀಸೆಯವರು ಒಬ್ಬೊಬ್ಬರ ಮುಂದೆ ನಿಂತು ಕೈಚಾಚುತ್ತಿದ್ದರು.

"ಸೀಸೆ, ಸೀಸೆ. ಯಾರೂ ಮುಚ್ಚಿಟ್ಕೋಬೇಡಿ. ಮುಂದಕ್ಕೆ ಪಾಸ್ ಮಾಡಿ."

ಅವರವರಿಗೆ ಆಗಷ್ಟೇ ಕೌಂಟರಿನಲ್ಲಿ ಕೊಟ್ಟಿದ್ದ, ಸಂಖ್ಯೆ ಬರೆದ ಸೀಸೆಗಳು. ಎಲ್ಲದರ ಮಾತ್ರೆಗಳನ್ನೂ ಡಬ್ಬಿಗೆ ಸುರಿದರು. ಟೈಲರಕ್ಕ ಎಂಬ ತೆಳ್ಳನೆಯ ಹೆಂಗಸು ಮುಚ್ಚಳ ಹಾಕಿ, ಕಣ್ಣು ಮುಚ್ಚಿ, ಡಬ್ಬಿಯನ್ನು ಗಡಗಡ ಅಲುಗಾಡಿಸಿದರು. ಆಮೇಲೆ ಒಂದು ಚಮಚದಿಂದ ಸೀಸೆ ಸೀಸೆಗೂ ಸಮನಾಗಿ ತುಂಬಿಸತೊಡಗಿದರು. ಬಟ್ಟೆ ಕತ್ತರಿಸುವವರ ಕೈ, ಒಂದು ಮಾತ್ರೆಯೂ ಆಚೀಚೆ ಆಗಲಿಲ್ಲ.

ಚಳಿಗೆ ಎಲ್ಲರೂ ಸ್ವೆಟರ್ ಹಾಕಿಕೊಂಡು ಮುದುಡಿದ್ದರು. ನಮ್ಮ ಅತ್ತೆ ಒಬ್ಬರೇ ಕೆಂಪು ಮುಖ ಮಾಡಿಕೊಂಡು ಹಳೆಯ ವಾರಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತ ಮೇಲ್ವಿಚಾರಣೆ ಮಾಡುತ್ತಿದ್ದರು.

ನನ್ನ ತಲೆಯೊಳಗೆ ಏನೋ ಠಣ್ ಎಂದಿತು. ರಕ್ತಪರೀಕ್ಷೆಯ ಲೆಕ್ಕ ಹಾಕುವ ಮೇಷ್ಟ್ರು ನಿನ್ನೆ ಕೂದಲು ಕಿತ್ತುಕೊಂಡು ಹೇಳಿದ್ದ ಮಾತು ನೆನಪಾಯಿತು: ಎಲ್ಲರಲ್ಲೂ ಇದೆ ಅಮ್ಮಾ, ಆದರೆ ಯಾರಲ್ಲೂ ಪೂರ್ತಿ ಇಲ್ಲ, ಎಲ್ಲರಲ್ಲೂ ಅರ್ಧರ್ಧ.

ಮಗಳು ತಾಯಿಗೆ ಕದ್ದು ಕೊಟ್ಟಿದ್ದರೆ ಅರ್ಧ ಯಾಕೆ ಕೊಡುತ್ತಾಳೆ? ಊರವರಿಗೆಲ್ಲ ಯಾಕೆ ಕೊಡುತ್ತಾಳೆ?

ಬಾಗಿಲು ತಳ್ಳಿದೆ. "ಅತ್ತೆ!"

ಡ್ರೈವರ್ ಮಾಮ ಡಬ್ಬಿಯ ಮೇಲೆ ಕೂರಲು ನೋಡಿದರು. ಅತ್ತೆ ಮಾತ್ರ ಕಣ್ಣು ಮಿಟುಕಿಸಲಿಲ್ಲ.

"ಓ, ನಮ್ಮ ಸೊಸೆ. ಬಾಮ್ಮ, ಕೂತ್ಕೋ. ನಿಂಗೂ ಶುರುವಾಯ್ತಾ ಮಂಡಿ?"

"ಇದೇನಾ ಹೆಣಿಗೆ ಕ್ಲಾಸು?"

"ಸೂಜಿ ಮರೆತು ಬಂದಿದ್ದೆ."

"ಅತ್ತೆ, ಇಲ್ಲಿ ಕೆಲಸ ಮಾಡೋರ ಸಂಬಂಧಿಕರು ಈ ಪ್ರಯೋಗಕ್ಕೆ ಸೇರೋ ಹಾಗಿಲ್ಲ. ಕೆಳಗೆ ಅಷ್ಟು ದೊಡ್ಡ ಬೋರ್ಡ್ ಇದೆ."

"ಸೇರೋ ದಿನ ಕನ್ನಡಕ ಹಾಕಿರ್ಲಿಲ್ಲ ಕಣೆ."

"ನಿಮ್ಮ ಮಗಳಿಗೆ ಗೊತ್ತಾ?"

"ಅವಳಿಗ್ಯಾಕೆ ಹೇಳ್ಲಿ? ಅವಳಿಗೆ ಹೇಳಿದ್ರೆ ಬೇಡ ಅಂತಾಳೆ. ಸೀಸೆ ಮೇಲೆ ಬರೀ ನಂಬರು ತಾನೇ ಇರೋದು, ನಂಬರಿಗೆ ಮುಖ ಇರುತ್ತಾ?" ಅತ್ತೆ ಗಾಳಿ ಬೀಸಿಕೊಳ್ಳುವುದನ್ನು ನಿಲ್ಲಿಸಿದರು. "ಯಾಕೆ, ಅವಳ ಸುದ್ದಿ ಯಾಕೆ ಬಂತು?"

ಹೇಳಿದೆ. ಮಧ್ಯಾಹ್ನದ ಸಮಿತಿ, ರಕ್ತ, ಗುಟ್ಟು, ಕೆಲಸ. ಹೇಳುತ್ತ ಹೋದಂತೆ ಆ ವೃತ್ತದಲ್ಲಿ ಕೂತಿದ್ದ ಒಬ್ಬೊಬ್ಬರೂ ತಮ್ಮ ಸೀಸೆಯನ್ನು ಮಗುವನ್ನು ಅಪ್ಪಿಕೊಂಡಂತೆ ಎದೆಗೆ ಒತ್ತಿಕೊಂಡರು.

ಟೈಲರಕ್ಕ ಮೊದಲು ಬಾಯಿಬಿಟ್ಟರು. "ತಪ್ಪು ನಂದೇ ಕಣಮ್ಮ. ಮೊದಲನೇ ಸರ್ತಿ ಬಂದಾಗ ಡಾಕ್ಟರು ಎಲ್ಲ ಬಿಡಿಸಿ ಹೇಳಿದ್ರು, ಅರ್ಧ ಜನಕ್ಕೆ ಬರೀ ಹಿಟ್ಟು ಅಂತ. ನಾನು ಅಳೋಕೆ ಶುರು ಮಾಡ್ದೆ. ನನ್ನ ಹಣೆಬರಹ ನಂಗೆ ಗೊತ್ತಿಲ್ವಾ? ಹಿಟ್ಟೇ ಬಂದಿರುತ್ತೆ."

"ಅದಕ್ಕೆ ನಾನಂದೆ," ಡ್ರೈವರ್ ಮಾಮ ಎದೆ ಉಬ್ಬಿಸಿದರು, "ನಿಂದು ಹಿಟ್ಟಾದ್ರೆ ನಂದು ತಗೋ ಅಂತ. ಇವ್ರು ಬೇಡ ಅಂದ್ರು. ನಾನು ತಗೋ ಅಂದೆ. ಇವ್ರು ಬೇಡ ಅಂದ್ರು."

"ಇಬ್ರೂ ಸೇರಿ ತಲೆ ತಿಂದ್ರು," ಅತ್ತೆ ಎಂದರು. "ಆಗ ನಾನು ಡಬ್ಬಿ ತಂದೆ. ಎಲ್ಲರದೂ ಹಾಕಿ, ಎಲ್ಲರೂ ತಗೊಳ್ಳೋದು. ಜಗಳ ಇಲ್ಲ, ತಂಟೆ ಇಲ್ಲ. ಏನು ತಪ್ಪು ಹೇಳು?"

ತಪ್ಪೇನೆಂದು ಹೇಳಲು ಬಾಯಿ ತೆರೆದೆ.

"ತಪ್ಪೇನು ಅಂತ ನಾನು ಹೇಳ್ತೀನಿ."

ಬಾಗಿಲಲ್ಲಿ ದೊಡ್ಡ ಡಾಕ್ಟರು ನಿಂತಿದ್ದರು. ಈ ಔಷಧಿ ಕಂಡುಹಿಡಿದವರು, ಈ ಪ್ರಯೋಗದ ಯಜಮಾನರು. ಬಲಗಾಲು ಎಳೆದುಕೊಂಡು ಒಳಗೆ ಬಂದರು. ಮಂಡಿನೋವಿನ ಡಾಕ್ಟರಿಗೇ ಮಂಡಿನೋವು. ತಮ್ಮ ಔಷಧಿಯನ್ನು ತಾವೇ ನುಂಗಬಾರದೆಂಬ ನಿಯಮಕ್ಕೆ ತಲೆಬಾಗಿ ಅವರು ವರ್ಷಗಳಿಂದ ಕುಂಟುತ್ತಿದ್ದಾರೆ ಎಂದು ಆಸ್ಪತ್ರೆಯೆಲ್ಲ ಹೊಗಳುತ್ತದೆ. ಎಷ್ಟು ಹೊತ್ತಿನಿಂದ ಕೇಳಿಸಿಕೊಂಡಿದ್ದರೋ, ಮುಖ ಸುಣ್ಣ ಬಳಿದಂತಿತ್ತು.

ಅವರು ಡಬ್ಬಿಯೊಳಗೆ ಇಣುಕಿದರು. ಬೆಕ್ಕಿನ ಮರಿಯನ್ನು ನೋಡಿದರು. ಒಂದು ಕುರ್ಚಿಗೆ ದೊಪ್ಪೆಂದು ಕುಸಿದರು.

"ಎಲ್ಲಾ ಬೆರೆಸಿಬಿಟ್ರಾ?"

"ಚೆನ್ನಾಗಿ ಅಲ್ಲಾಡಿಸಿ," ಟೈಲರಕ್ಕ ಸಮಾಧಾನ ಹೇಳುವ ದನಿಯಲ್ಲಿ ಅಂದರು.

"ಅಮ್ಮಾ, ಒಂದು ಗುಂಪಿಗೆ ಔಷಧಿ, ಒಂದು ಗುಂಪಿಗೆ ಸಪ್ಪೆ. ಎರಡು ಗುಂಪಿಗೂ ವ್ಯತ್ಯಾಸ ಕಂಡ್ರೆ ತಾನೇ ಔಷಧಿ ಕೆಲಸ ಮಾಡ್ತು ಅಂತ ಗೊತ್ತಾಗೋದು? ಎಲ್ಲರೂ ಅರ್ಧರ್ಧ ನುಂಗಿದ್ರೆ ನನಗೇನು ಗೊತ್ತಾಗುತ್ತೆ?"

"ನಮ್ಮನ್ನೇ ಕೇಳಿದ್ರೆ ಹೇಳ್ತಿದ್ವಲ್ಲ," ಡ್ರೈವರ್ ಮಾಮ ಎಂದರು. "ಪರವಾಗಿಲ್ಲ, ಸ್ವಲ್ಪ ಕಮ್ಮಿಯಾಗಿದೆ."

"ನಿಮ್ಮನ್ನ ಕೇಳಬಾರದು ಅಂತಲೇ ಇಷ್ಟೆಲ್ಲ ಮಾಡಿರೋದು!"

ಟೈಲರಕ್ಕ ಚಮಚ ಕೆಳಗಿಟ್ಟರು. "ಡಾಕ್ಟರೇ, ನಾನು ಒಂದು ಕೇಳ್ತೀನಿ, ಕೋಪ ಮಾಡ್ಕೋಬೇಡಿ. ಮನೇಲಿ ನಾಲ್ಕು ಮಕ್ಕಳಿದಾರೆ. ಇಬ್ಬರ ತಟ್ಟೆಗೆ ಊಟ ಹಾಕಿ, ಇಬ್ಬರ ಮುಂದೆ ಖಾಲಿ ತಟ್ಟೆ ಇಟ್ಟು, ಯಾರು ಬೆಳೀತಾರೆ ನೋಡೋಣ ಅಂತ ಕೂರ್ತಾರಾ ಯಾರಾದ್ರೂ?"

ನನಗೆ ಭೇಷ್ ಎನ್ನಬೇಕೆನಿಸಿತು. ಆದರೆ ಡಾಕ್ಟರು ತಲೆ ಎತ್ತಿ ಅವರನ್ನೇ ನೇರವಾಗಿ ನೋಡಿದರು.

"ಅದು ಊಟ ಅಂತ ನಿಮಗೆ ಹೇಳಿದ್ದು ಯಾರಮ್ಮ? ವಿಷ ಆಗಿದ್ರೆ? ಹಿಟ್ಟು ಸಿಕ್ಕವರೇ ಬಚಾವಾದ್ರು ಅಂತ ಆಗಿದ್ರೆ? ಊಟವೋ ವಿಷವೋ ನಂಗೂ ಗೊತ್ತಿಲ್ಲ. ಗೊತ್ತಿದ್ದು ಹಿಟ್ಟು ಕೊಟ್ರೆ ನಾನು ಪಾಪಿ. ಗೊತ್ತಿಲ್ಲ ಅಂತ ಒಪ್ಪಿಕೊಂಡು ಕೊಡ್ತಿದ್ದೀನಿ."

ಟೈಲರಕ್ಕ ತಮ್ಮ ಸೀಸೆಯನ್ನು ಹೊಸದಾಗಿ ನೋಡಿದರು. ಡ್ರೈವರ್ ಮಾಮ ಮೀಸೆ ನೀವಿಕೊಂಡು ಸ್ವಲ್ಪ ಯೋಚಿಸಿದರು.

"ಹಾಗಾದ್ರೆ ವಿಷಾನೂ ಸಮನಾಗೇ ಹಂಚ್ಕೊಂಡ್ವಿ ಅಂತಾಯ್ತು," ಎಂದರು. "ಪಾಲು ಅಂದ್ರೆ ಪಾಲು, ಡಾಕ್ಟರೇ."

ಡಾಕ್ಟರು ನಕ್ಕರೋ ಅತ್ತರೋ ತಿಳಿಯಲಿಲ್ಲ. ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು.

ನಾನು ಮೆತ್ತಗೆ ಹೇಳಿದೆ: "ಡಾಕ್ಟರೇ, ಒಂದಂತೂ ಸ್ಪಷ್ಟ ಆಯ್ತು. ನನ್ನ ನಾದಿನಿ ಗುಟ್ಟು ಒಡೆದಿಲ್ಲ. ಈ ಡಬ್ಬಿಯನ್ನ ನಾನು ಸಮಿತಿ ಮುಂದೆ ಇಡಬೇಕು."

ಅವರು ಕೈ ತೆಗೆದರು. ಕಣ್ಣಿನಲ್ಲಿ ಬೇರೆಯೇ ಒಂದು ಬೆಳಕು ಬಂದಿತ್ತು. ಆ ಬೆಳಕನ್ನು ಕಂಡರೆ ನನಗೆ ಆಗುವುದಿಲ್ಲ. ತಪ್ಪು ಹಾಗೇ ಇರಲಿ ಬಿಡಿ, ಯಾರಿಗೆ ಗೊತ್ತಾಗುತ್ತೆ ಎನ್ನುವ ಲೇಖಕರ ಕಣ್ಣಲ್ಲಿ ಅದನ್ನು ಕಂಡಿದ್ದೇನೆ.

"ನಿಮ್ಮ ನಾದಿನಿ ಉಳಿಯೋದು ತಾನೇ ಮುಖ್ಯ? ರಕ್ತ ನೋಡೋ ಯಂತ್ರ ಕೆಟ್ಟಿತ್ತು ಅಂತ ಹೇಳೋಣ. ಅವಳ ಮೇಲೆ ಮಾತು ಬರಲ್ಲ. ಪ್ರಯೋಗವೂ ನಡೆಯುತ್ತೆ. ಡಬ್ಬಿ ಮನೆಗೆ ತಗೊಂಡು ಹೋಗಿ ಬಿಸ್ಕತ್ತು ಹಾಕಿಡಿ."

ಸುಳ್ಳು ಹೇಳಬಾರದು, ನನಗೆ ಆಸೆಯಾಯಿತು. ಯಂತ್ರ ಕೆಟ್ಟಿತ್ತು. ಎರಡೇ ಪದ. ಯಂತ್ರ ಅಳುವುದಿಲ್ಲ, ಅದಕ್ಕೆ ತಾಯಿಯಿಲ್ಲ, ಅದರ ಅಣ್ಣನ ಜೊತೆ ನಾನು ಸಂಸಾರ ಮಾಡಬೇಕಾಗಿಲ್ಲ.

"ಆದರೆ ಯಂತ್ರ ಕೆಟ್ಟಿಲ್ಲವಲ್ಲ," ಎಂದೆ.

"ಕೆಟ್ಟಿಲ್ಲ."

"ಮತ್ತೆ ಈ ಔಷಧಿಯನ್ನ ನಾಳೆ ಸಾವಿರಾರು ಜನ ನುಂಗ್ತಾರೆ."

"ನುಂಗ್ತಾರೆ."

"ಅವರಿಗೆ ಇದು ಊಟವೋ ವಿಷವೋ ಅಂತ ನೀವು ಏನಂತ ಹೇಳ್ತೀರಿ?"

ಡಾಕ್ಟರು ಎದ್ದು ಕಿಟಕಿಯವರೆಗೆ ಕುಂಟಿ ವಾಪಸು ಬಂದರು. ಕೊನೆಗೆ ಉಸಿರು ಬಿಟ್ಟರು. "ನೀವು ಬಿಸ್ಕತ್ತು ತಿಂದು ಹೋಗೋರು ಅಂತ ಹೇಳಿದ್ರು ನಂಗೆ," ಎಂದು ಗೊಣಗಿದರು. "ಸರಿ. ಡಬ್ಬಿ ವಿಷಯ ನಾನೇ ಹೇಳ್ತೀನಿ. ಈ ದಿನ ಬರೋ ಗುಂಪು ಹೋಯ್ತು, ಕೈತೊಳ್ಕೋಬೇಕು. ಬೇರೆ ದಿನ ಬರೋ ಗುಂಪುಗಳು ಇನ್ನೂ ಇವೆ, ಅವರದು ಉಳಿಯುತ್ತೆ. ಇಲ್ಲಿ ಬೆರೆತಿರೋದು ನಮ್ಮದೇ ಎರಡು ಮಾತ್ರೆ ಅಷ್ಟೇ. ಹೊರಗಿನ ಔಷಧಿ ಏನಾದ್ರೂ ಬೆರೆತಿದ್ರೆ ಎಲ್ಲಾ ಗುಂಪಿನ ಮೇಲೂ ಅನುಮಾನ, ಇಡೀ ಅಂಗಡಿ ಮುಚ್ಚಿಸ್ತಿದ್ರು. ಅಷ್ಟರಮಟ್ಟಿಗೆ ನಮ್ಮ ಅದೃಷ್ಟ."

ನನ್ನ ಎದೆಯ ಮೇಲಿನ ಭಾರ ಇಳಿಯಿತು. ಒಳ್ಳೆಯ ಸುದ್ದಿ ಇದೆ ಬಾ ಎಂದು ಡಾಕ್ಟರು ನಾದಿನಿಗೆ ಫೋನ್ ಮಾಡಿದರು. ಟೈಲರಕ್ಕ ಕಣ್ಣೊರೆಸಿಕೊಂಡರು. ಅತ್ತೆ ಕೈಚೀಲದಿಂದ ಪೆಪ್ಪರ್‌ಮಿಂಟ್ ತೆಗೆದು ಎಲ್ಲರಿಗೂ ಹಂಚಿದರು, ಇಲ್ಲಿಯೂ ಸಮಪಾಲು. ಅವರ ಬೆರಳು ನನ್ನ ಅಂಗೈಗೆ ತಾಗಿತು. ಬಿಸಿಯಾಗಿತ್ತು.

"ಜ್ವರವಾ ಅತ್ತೆ?"

"ಮೆಟ್ಟಿಲು ಹತ್ತಿದ್ದು ಕಣೆ."

ಅಲ್ಲಿಗೆ ಬಿಡಬಹುದಿತ್ತು. ಆದರೆ ನನ್ನ ರೋಗ ನನ್ನನ್ನು ಬಿಡುವುದಿಲ್ಲ. ಹಾಳೆ ಮುಗಿದ ಮೇಲೂ ಇನ್ನೊಂದು ಸಲ ಓದದೆ ಕೈಬಿಟ್ಟವಳಲ್ಲ ನಾನು. ಸಮಿತಿಯ ಮುಂದೆ ಇಡುವ ಮೊದಲು ನೋಡೋಣ ಎಂದು, ಡಬ್ಬಿಯಲ್ಲಿ ಉಳಿದಿದ್ದ ಮಾತ್ರೆಗಳನ್ನು ವಾರಪತ್ರಿಕೆಯ ಮೇಲೆ ಸುರುವಿದೆ. ಬಿಳಿ, ದುಂಡು, ನುಣುಪು. ಎಲ್ಲವೂ ಒಂದರ ಪಡಿಯಚ್ಚು ಇನ್ನೊಂದು. ಬೆರಳಿನಿಂದ ಸರಿಸುತ್ತ ಹೋದೆ.

ಒಂದರ ನಡುವೆ ಗೆರೆಯಿತ್ತು.

ಮತ್ತೆ ನೋಡಿದೆ. ಕೂದಲೆಳೆಯಂಥ ಗೆರೆ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ. ಬೇರೆ ಯಾವುದರಲ್ಲೂ ಇರಲಿಲ್ಲ.

"ಡಾಕ್ಟರೇ, ನಿಮ್ಮ ನಿಜ ಮಾತ್ರೆಗೆ ಗೆರೆ ಇರುತ್ತಾ?"

"ಇಲ್ಲ. ಎರಡಕ್ಕೂ ಇಲ್ಲ. ಗೆರೆ ಹಾಕೋದು ಮುರಿದು ಅರ್ಧ ಕೊಡೋ ಮಾತ್ರೆಗೆ. ಮಕ್ಕಳಿಗೋ, ಸಣ್ಣ ಮೈಯವರಿಗೋ. ಯಾಕೆ?"

ಮಾತ್ರೆಯನ್ನು ಅಂಗೈ ಮೇಲಿಟ್ಟು ತೋರಿಸಿದೆ.

ಅವರು ಕನ್ನಡಕ ಏರಿಸಿ ನೋಡಿದರು. ಅವರ ಮುಖದ ಬಣ್ಣ ಇಳಿದುಹೋಯಿತು. "ಹೊರಗಿನದು," ಎಂದು ಪಿಸುಗುಟ್ಟಿದರು. "ಅಂಗಡಿಯ ಯಾವುದೋ ನೋವಿನ ಮಾತ್ರೆ..."

ಮುಂದೆ ಆದದ್ದನ್ನು ನಾನು ಎಚ್ಚರಿಕೆಯಿಂದ ಬರೆಯಬೇಕು. ಯಾಕೆಂದರೆ ಇಡೀ ಕೋಣೆ ನೋಡುತ್ತಿದ್ದರೂ ಆಮೇಲೆ ಯಾರಿಗೂ ನಂಬಲಾಗಲಿಲ್ಲ. ದೊಡ್ಡ ಡಾಕ್ಟರು, ಎಷ್ಟೋ ಜನ ಎದ್ದು ನಿಂತು ನಮಸ್ಕರಿಸುವ ಮನುಷ್ಯ, ನನ್ನ ಅಂಗೈಯಿಂದ ಆ ಮಾತ್ರೆಯನ್ನು ಎತ್ತಿಕೊಂಡರು. ಬೆಳಕಿಗೆ ಹಿಡಿಯುತ್ತಾರೆ ಎಂದುಕೊಂಡೆ. ಅವರು ಬಾಯಿಗೆ ಹಾಕಿಕೊಂಡರು.

ನೀರಿಲ್ಲದೆ ಇಳಿಯಲಿಲ್ಲ. ಕತ್ತು ಮುಂದೆ ಚಾಚಿ, ಕೋಳಿಯಂತೆ ಒಂದು ಸಲ, ಎರಡು ಸಲ ಗುಟುಕರಿಸಿದರು. ಇಳಿಯಿತು.

"ಯಾವ ಮಾತ್ರೆ?" ಎಂದರು.

"ಡಾಕ್ಟರೇ!"

"ಗೆರೆ ಇರೋ ಮಾತ್ರೆ ಯಾವುದೂ ಇರಲಿಲ್ಲ. ನೀವು ಯಾರಾದ್ರೂ ನೋಡಿದ್ರಾ?"

ಡ್ರೈವರ್ ಮಾಮ ನಿಧಾನವಾಗಿ ಹೇಳಿದರು: "ನೋಡಿದ್ವಿ. ನಿಮ್ಮ ಗಂಟಲಲ್ಲೂ ನೋಡಿದ್ವಿ."

"ತಪ್ಪು ಅಂತ ನಂಗೂ ಗೊತ್ತು," ಡಾಕ್ಟರ ದನಿ ಒಡೆಯಿತು. "ಎಷ್ಟು ವರ್ಷದ ಕೆಲಸ ಅಮ್ಮಾ. ಒಂದು ದರಿದ್ರ ಮಾತ್ರೆ ದೆಸೆಯಿಂದ... ಒಂದೇ ಒಂದು ತಾನೇ?"

"ಒಂದೇ ಯಾಕೆ ಡಾಕ್ಟರೇ," ಅತ್ತೆ ಪೆಪ್ಪರ್‌ಮಿಂಟ್ ಚೀಪುತ್ತ ಕೈಚೀಲದೊಳಗೆ ತಡಕಾಡಿದರು. "ಅದು ಪಾಲಿನದಲ್ಲ, ನನ್ನದು. ಕೈತಪ್ಪಿ ಡಬ್ಬಿಗೆ ಬಿದ್ದಿರಬೇಕು. ಹೋಗ್ಲಿ ಬಿಡಿ, ನನ್ನ ಹತ್ರ ಇನ್ನೂ ಇದೆ."

ಅವರು ಒಂದು ಸಣ್ಣ ಪೊಟ್ಟಣ ಹೊರತೆಗೆದರು. ಅದರಲ್ಲಿ ಬಿಳಿಯ, ದುಂಡನೆಯ, ನಡುವೆ ಗೆರೆಯಿದ್ದ ಮಾತ್ರೆಗಳು.

ಮೊದಲು ಎಚ್ಚೆತ್ತವರು ಡ್ರೈವರ್ ಮಾಮ. "ಅಕ್ಕಾ! ಬೇರೆ ಮಾತ್ರೆ ಇಟ್ಕೊಂಡು, ಪಾಲಿಗೆ ಹಾಕದೆ, ಒಬ್ಬರೇ ನುಂಗ್ತಿದ್ರಾ?"

"ಅದಕ್ಕೇ ಇವ್ರು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತೋದು!" ಟೈಲರಕ್ಕನ ದನಿ ಎಷ್ಟು ಮೇಲಕ್ಕೆ ಹೋಯಿತೆಂದರೆ ಕಿಟಕಿಯ ಗಾಜು ಝುಂ ಎಂದಿತು. "ನಾನು ಒಂದು ಮಾತ್ರೆ ಆಚೀಚೆ ಆಗದ ಹಾಗೆ ಹಂಚ್ತೀನಿ, ನೀವು ಚೀಲದಲ್ಲಿ ಕಳ್ಳ ಗಂಟು ಕಟ್ಕೊಂಡು ಬರ್ತೀರಾ?"

"ಅದು ಮನೆ ಮಾತ್ರೆ! ಮನೇದನ್ನ ಯಾರಾದ್ರೂ ಪಾಲಿಗೆ ಹಾಕ್ತಾರಾ?"

"ಅತ್ತೆ," ಎಂದೆ. "ಮನೇಲಿ ಎಲ್ಲಿತ್ತು ಇದು? ಯಾರು ಕೊಟ್ಟಿದ್ದು?"

"ಇನ್ಯಾರು ಕೊಡ್ತಾರೆ? ಹೆತ್ತ ಮಗಳು. ಅಮ್ಮ ಕುಂಟೋದನ್ನ ನೋಡಕ್ಕಾಗಲ್ಲ ಅಂತ."

ಬಾಗಿಲು ತೆರೆದ ಸದ್ದಾಯಿತು. ಬಿಳಿಯ ಕೋಟಿನಲ್ಲಿ ನಾದಿನಿ ನಿಂತಿದ್ದಳು. ಓಡಿ ಬಂದಿದ್ದಳೇನೋ, ಅರ್ಧ ನಗುತ್ತಿದ್ದಳು. ಡಾಕ್ಟರು ಫೋನಿನಲ್ಲಿ ಒಳ್ಳೆಯ ಸುದ್ದಿ ಎಂದಿದ್ದರಲ್ಲ. ಆ ನಗು ತಾಯಿಯನ್ನು ಕಂಡು ನಿಂತಿತು, ಪೊಟ್ಟಣವನ್ನು ಕಂಡು ಮಾಯವಾಯಿತು.

"ಅಮ್ಮಾ, ನೀನಿಲ್ಲಿ..."

"ಬಾ, ಬಾ. ನಿನ್ನ ಮಾತ್ರೆಗೆ ಇಲ್ಲಿ ಜಗಳ. ಒಂದನ್ನ ಡಾಕ್ಟರೇ ನುಂಗಿಬಿಟ್ರು, ಪಾಪ."

ನಾದಿನಿ ನನ್ನ ಕಡೆ ನೋಡಲಿಲ್ಲ. ಡಾಕ್ಟರ ಗಂಟಲನ್ನೇ ನೋಡುತ್ತಿದ್ದಳು.

"ಸರ್, ಕೂತ್ಕೊಳ್ಳಿ," ಎಂದಳು. "ದಯವಿಟ್ಟು ಓಡಾಡಬೇಡಿ. ಅದು ಅಂಗಡೀದಲ್ಲ. ಹಿಂದಿನ ಕಟ್ಟಡದವರ ಹೊಸ ಔಷಧಿ. ನಾನೇ ತುಂಬಿಸಿ ಕೊಡೋದು. ಅದನ್ನ ಇದುವರೆಗೂ ಮನುಷ್ಯರಿಗೆ ಕೊಟ್ಟಿಲ್ಲ."

ಡಾಕ್ಟರು ಹೇಳಿಸಿಕೊಳ್ಳುವ ಮೊದಲೇ ಕೂತಿದ್ದರು.

"ಮತ್ತೆ ಯಾರಿಗೆ ಕೊಟ್ಟಿದ್ದು?" ಎಂದೆ. ಕೇಳುವಾಗಲೇ ಉತ್ತರ ಗೊತ್ತಾಗಿತ್ತು. ಸಣ್ಣ ಮೈಯವರಿಗೆ, ಮುರಿದು ಅರ್ಧ ಕೊಡುವ ಮಾತ್ರೆ.

"ನಾಯಿಗಳಿಗೆ, ಅತ್ತಿಗೆ. ಮುದಿಯಾಗಿ ಕಾಲು ಹಿಡ್ಕೊಂಡಿದ್ದ ನಾಯಿಗಳಿಗೆ."

ವೃತ್ತದಲ್ಲಿ ಯಾರೋ ಕಿಸಕ್ಕೆಂದರು. ಡ್ರೈವರ್ ಮಾಮ ಕುರ್ಚಿಯನ್ನು ಅತ್ತೆಯಿಂದ ಒಂದು ಗೇಣು ದೂರ ಎಳೆದುಕೊಂಡರು. ಅತ್ತೆ ಮಾತ್ರ ಸೋಲುವ ಹೆಂಗಸಲ್ಲ.

"ಅದಕ್ಕೇನಂತೆ? ನಾಯಿಗೆ ಮಂಡಿ ಇಲ್ವಾ?"

"ಮೊನ್ನೆ ಫೋನ್ ಮಾಡಿ ಹೇಳಿದ್ನಲ್ಲಮ್ಮ," ನಾದಿನಿ ತಾಯಿಯ ಮುಂದೆ ಮೊಣಕಾಲೂರಿ ಕೂತಳು. "ಇನ್ನು ಒಂದೂ ತಗೋಬೇಡ, ಎಸೆದುಬಿಡು ಅಂತ. ತಗೊಳ್ಳಲ್ಲ ಅಂದಿದ್ದೆ ನೀನು."

ಆ ಫೋನು ನನಗೆ ನೆನಪಿತ್ತು. ಅತ್ತೆ ಹಜಾರದಲ್ಲಿ ನಿಂತು, ಆಯ್ತು ಬಿಡೆ, ಇನ್ನು ಮುಟ್ಟಲ್ಲ ಎಂದದ್ದನ್ನು ನಾನೇ ಕೇಳಿಸಿಕೊಂಡಿದ್ದೆ. ಟೀಗೆ ಹಾಕುವ ಸಕ್ಕರೆಯ ವಿಷಯ ಎಂದುಕೊಂಡು, ಮಾರನೆಯ ದಿನ ಸಕ್ಕರೆ ಡಬ್ಬಿಯನ್ನು ಅಡಗಿಸಿಟ್ಟಿದ್ದೆ.

ನಾದಿನಿ ತಾಯಿಯ ಮುಂಗೈ ಹಿಡಿದುಕೊಂಡಳು. ಪ್ರೀತಿಗೆ ಹಿಡಿದದ್ದೆಂದು ಅತ್ತೆ ಅವಳ ತಲೆ ಸವರಿದರು. ಅವಳು ನಾಡಿ ನೋಡುತ್ತಿದ್ದಳು. ತುಟಿ ಸದ್ದಿಲ್ಲದೆ ಎಣಿಸುತ್ತಿತ್ತು, ತುಂಬ ಬೇಗ ಬೇಗ ಎಣಿಸುತ್ತಿತ್ತು.

ಕಿಟಕಿಯಾಚೆ, ಕೆಳಗೆ, ಹಗ್ಗದ ಮೇಲೆ ನಾಯಿಗಳ ಆ ಸಣ್ಣ ಹಾಸಿಗೆಗಳು ಗಾಳಿಗೆ ಅಲ್ಲಾಡುತ್ತಿದ್ದವು. ಎಲ್ಲವನ್ನೂ ಒಗೆದುಹಾಕಿದ್ದರು. ಒಂದೂ ಬಿಟ್ಟಿರಲಿಲ್ಲ.

"ಆ ನಾಯಿಗಳಿಗೆ ಗುಣ ಆಯ್ತು ತಾನೇ?" ಅತ್ತೆ ಕೇಳಿದರು.

"ಚೆನ್ನಾಗಿ ಓಡ್ತಿದ್ವು ಅಮ್ಮ," ನಾದಿನಿ ಎಂದಳು. ಮುಂಗೈ ಬಿಡಲಿಲ್ಲ. "ಮೊನ್ನೆವರೆಗೂ."